ಯುದ್ಧ ಬಂದಾಗ ಪಕ್ಕದ ಮನೆ: ಬಿರುಕು ಎಲ್ಲಿಂದ ಶುರು, ಹಿಡಿದು ನಿಲ್ಲಿಸೋದು ಯಾವುದು?

ಹೇಮಾವತಿ ದಂಡೆ, ಹಾಸನ

2025ರ ಮೇ 7ರಿಂದ 10ರ ತನಕ ಭಾರತ–ಪಾಕಿಸ್ತಾನ ಗಡಿಯಲ್ಲಿ ನಡೆದ ಕಾಳಗ ಹಾಸನದಿಂದ ಸಾವಿರದೈನೂರು ಕಿಲೋಮೀಟರಿಗೂ ಆಚೆಯದು. ಆದರೂ ಆ ನಾಲ್ಕು ದಿನ ವಿಡಿಯೋ ಗೇಮಿನ ತುಣುಕುಗಳನ್ನೇ ಯುದ್ಧದ ದೃಶ್ಯ ಅಂತ ದೇಶದ ತುಂಬ ಹಂಚಿದರು. ಕೇಂದ್ರ ಸರ್ಕಾರದ ಪಿಐಬಿ ಫ್ಯಾಕ್ಟ್ ಚೆಕ್ ಮೇಲಿಂದ ಮೇಲೆ ‘ಇದು ಸುಳ್ಳು’ ಅಂತ ಹೇಳಬೇಕಾಯಿತು. ಯುದ್ಧ ಎಷ್ಟೇ ದೂರ ಇರಲಿ, ಅನುಮಾನ ಮಾತ್ರ ಪಕ್ಕದ ಮನೆ ಬಾಗಿಲಿಗೇ ಬಂದು ನಿಲ್ಲುತ್ತೆ.

ಹಾಸನ, ಬೇಲೂರು, ಸಕಲೇಶಪುರ, ಮೂಡಿಗೆರೆ ಕಡೆ ಹಿಂದೂ, ಮುಸ್ಲಿಂ, ಕ್ರೈಸ್ತರು ಒಂದೇ ಬೀದಿಯಲ್ಲಿರುವ ಜಾಗಗಳಲ್ಲಿ ಕೆಲಸಕ್ಕೆ ಬರುವಂಥ ಮಾಹಿತಿ ಬೇಕಿದೆ. ಸೌಹಾರ್ದದ ಭಾಷಣ ಸಾಕಷ್ಟಿದೆ. ನಿಜವಾಗಿ ಯುದ್ಧ ಕಂಡ ಊರುಗಳಲ್ಲಿ ನೆರೆಹೊರೆಯವರ ನಡುವೆ ಮೊದಲು ಕೆಟ್ಟಿದ್ದೇನು, ಆಮೇಲೆ ಏನು, ಕೆಡದೆ ಉಳಿದ ಕಡೆ ಯಾಕೆ ಉಳೀತು, ಕೆಟ್ಟಮೇಲೆ ಮತ್ತೆ ಹೇಗೆ ಕೂಡಿಸಿದರು? ಗೊತ್ತಿರುವವರು ದಯವಿಟ್ಟು ವಿವರವಾಗಿ ಬರೆಯಿರಿ.

ಮಲೆನಾಡು ಮೇಷ್ಟ್ರು, ಚಿಕ್ಕಮಗಳೂರು

ಇದಕ್ಕೆ ತುಂಬ ದಾಖಲೆ ಸಿಗುವ ಜಾಗ ಬೋಸ್ನಿಯಾ, ಹಳೆಯ ಯುಗೊಸ್ಲಾವಿಯಾದ ಒಂದು ಭಾಗ, 1992ರಿಂದ 1995ರ ತನಕ ಅಂತರ್ಯುದ್ಧ ಕಂಡದ್ದು. ಅಲ್ಲಿಂದಲೇ ಶುರು ಮಾಡ್ತೀನಿ. ಕಾಫಿ ಸೀಮೆಯ ನಮಗೆ ಬೇಗ ಅರ್ಥವಾಗುವ ನಾಡು ಅದು, ಯಾಕಂದರೆ ಅಲ್ಲಿ ನೆರೆಹೊರೆತನ ನಡೆಯುತ್ತಿದ್ದದ್ದೇ ಕಾಫಿ ಮೇಲೆ.

1991ರ ಜನಗಣತಿ ಪ್ರಕಾರ ಬೋಸ್ನಿಯಾದಲ್ಲಿ ಸುಮಾರು 44 ಲಕ್ಷ ಜನ. ಮುಸ್ಲಿಮರು ಶೇ 43ರ ಮೇಲೆ, ಆರ್ಥೊಡಾಕ್ಸ್ ಕ್ರೈಸ್ತರಾದ ಸರ್ಬರು ಶೇ 31, ಕ್ಯಾಥೊಲಿಕ್ ಕ್ರೊವಾಟರು ಶೇ 17. ಆಡುವ ಮಾತು ಹೆಚ್ಚುಕಮ್ಮಿ ಒಂದೇ. ನೆರೆಹೊರೆತನಕ್ಕೆ ಅವರಲ್ಲಿ ‘ಕೊಮ್ಶಿಲುಕ್’ ಅಂತ ಬೇರೆಯೇ ಮಾತಿದೆ, ತುರ್ಕಿಯಿಂದ ಬಂದದ್ದು. ನಮ್ಮಲ್ಲಿ ಮುಯ್ಯಿ ಅಂತೀವಲ್ಲ, ಹತ್ತಿರತ್ತಿರ ಅದೇ. ಇವತ್ತು ನೀವು ನಮ್ಮ ಮನೆಯಲ್ಲಿ ಕಾಫಿ ಕುಡಿದರೆ ನಾಳೆ ನಾನು ನಿಮ್ಮ ಮನೆಗೆ ಬರಬೇಕು. ಬರದಿದ್ದರೆ ಬಾಕಿ ಉಳಿದ ಹಾಗೆ.

ಆ ಕಾಫಿಯನ್ನು ಅವಸರದಲ್ಲಿ ಮಾಡೋಕೆ ಆಗಲ್ಲ. ಬೀಜವನ್ನು ಹಿಟ್ಟಿನಷ್ಟು ನುಣ್ಣಗೆ ಬೀಸಬೇಕು. ಉದ್ದ ಹಿಡಿಯ ತಾಮ್ರದ ಪಾತ್ರೆಯಲ್ಲಿ ಮೊದಲು ಬರೀ ನೀರು ಕುದಿಸಿ, ಅದರಲ್ಲಿ ಸ್ವಲ್ಪ ಬೇರೆ ತೆಗೆದಿಟ್ಟು, ಉಳಿದದ್ದಕ್ಕೆ ಪುಡಿ ಹಾಕಿ ಮತ್ತೆ ಒಲೆಗಿಡುತ್ತಾರೆ. ನೊರೆ ಅಂಚಿಗೆ ಬಂದ ಕೂಡಲೇ ಇಳಿಸಿ, ತೆಗೆದಿಟ್ಟ ಬಿಸಿನೀರು ಹಾಕಿದರೆ ಗಸಿ ತಳಕ್ಕೆ ಕೂರುತ್ತೆ. ಹಿಡಿ ಇಲ್ಲದ ಪುಟ್ಟ ಬಟ್ಟಲು, ಪಕ್ಕದಲ್ಲಿ ಸಕ್ಕರೆ ಬಿಲ್ಲೆ. ಬಿಲ್ಲೆಯನ್ನು ಕಾಫಿಗೆ ಅದ್ದಿ ಕಚ್ಚಿ, ಮೇಲೆ ಒಂದು ಗುಟುಕು. ಒಂದು ಬಟ್ಟಲು ಮುಗಿಯೋಕೆ ಅರ್ಧ ಗಂಟೆ ಹಿಡಿಯುತ್ತೆ. ಊರಿನ ಸುದ್ದಿಯೆಲ್ಲ ಸೋಸಿ ಬರುತ್ತಿದ್ದದ್ದು ಆ ಅರ್ಧ ಗಂಟೆಯಲ್ಲೇ.

ಕಿಸೆಲ್ಯಾಕ್ ಸಮೀಪದ ಒಂದು ಮಿಶ್ರ ಹಳ್ಳಿಯಲ್ಲಿ ನಾರ್ವೆಯ ಮಾನವಶಾಸ್ತ್ರಜ್ಞೆ ಟೋನೆ ಬ್ರಿಂಗಾ 1980ರ ದಶಕದಿಂದ ಅಧ್ಯಯನ ಮಾಡಿದ್ದರು. 1993ರ ಆರಂಭದಲ್ಲಿ, ರಣರಂಗ ಹತ್ತಿರ ಬರುತ್ತಿದ್ದಾಗ ಮತ್ತೆ ಅಲ್ಲಿಗೆ ಹೋದರು. ‘ನಮ್ಮಲ್ಲಿ ಹಾಗೆಲ್ಲ ಆಗಲ್ಲ’ ಅನ್ನುತ್ತಿದ್ದ ಕ್ಯಾಥೊಲಿಕ್ ಮತ್ತು ಮುಸ್ಲಿಂ ಮನೆಗಳ ನಡುವೆ ಕೆಲವೇ ವಾರಗಳಲ್ಲಿ ಹೋಗಿ ಬರುವುದು ನಿಂತಿತು. ಯಾರೂ ಜಗಳ ಆಡಿರಲಿಲ್ಲ. ಏಪ್ರಿಲ್‌ನಲ್ಲಿ ದಾಳಿಯಾಗಿ ಮುಸ್ಲಿಮರ ಮನೆಗಳು ಹಾಳಾದವು. ಅಂದರೆ ಮೊದಲು ನಿಂತದ್ದು ಕಾಫಿ, ಆಮೇಲೆ ಮಾತು. ಬೆಂಕಿ ಬಿದ್ದದ್ದು ಕೊನೆಗೆ.

ಹೇಮಾವತಿಯವರೇ, ನಿಮ್ಮ ಮೊದಲನೇ ಪ್ರಶ್ನೆಗೆ ಇದೇ ಉತ್ತರ. ಕಲ್ಲು ಬೀಳೋ ತನಕ ಕಾಯಬೇಡಿ, ಮನೆಗೆ ಬರುತ್ತಿದ್ದವರು ಬೇಲಿ ಹತ್ತಿರವೇ ಮಾತು ಮುಗಿಸಿ ಹೋಗುತ್ತಿದ್ದಾರಾ ಅಂತ ನೋಡಿ. ಆ ಹಂತದಲ್ಲಿ ಏನಾದರೂ ಮಾಡೋಕೆ ಸಾಧ್ಯವಿದೆ.

ಮಲೆನಾಡು ಮೇಷ್ಟ್ರು, ಚಿಕ್ಕಮಗಳೂರು

ಮುಂದುವರಿದ ಭಾಗ. ‘ಎಷ್ಟೋ ಶತಮಾನದ ದ್ವೇಷ ಒಮ್ಮೆಲೇ ಸಿಡಿಯಿತು’ ಅನ್ನುವ ಮಾತು ತಪ್ಪು ಅಂತ ಪ್ರಿಯೆದೋರ್ ಪಟ್ಟಣದ ದಿನಚರಿ ನೋಡಿದರೆ ಗೊತ್ತಾಗುತ್ತೆ. ಸುತ್ತಲ ಹಳ್ಳಿಗಳೂ ಸೇರಿ ಅಲ್ಲಿ ಸುಮಾರು 1,12,000 ಜನ. ಮುಸ್ಲಿಮರು ಶೇ 44, ಸರ್ಬರು ಶೇ 42, ಎರಡೂ ಕಡೆ ಸಮಸಮ. 1992ರ ಏಪ್ರಿಲ್ 29ರ ರಾತ್ರಿ ಕಳೆದು 30 ಹುಟ್ಟುವ ಹೊತ್ತಿಗೆ ಸರ್ಬ್ ರಾಷ್ಟ್ರವಾದಿ ಪಕ್ಷದವರು ಪೊಲೀಸ್ ಠಾಣೆ, ಪುರಸಭೆ, ರೇಡಿಯೋ ಕೇಂದ್ರ ಎಲ್ಲ ಹಿಡಿದರು. ಬೆಳಗಾಗುವುದರೊಳಗೆ ಊರು ಅವರ ಕೈಯಲ್ಲಿತ್ತು. ಮುಂದಿನ ದಿನಗಳಲ್ಲಿ ಬೇರೆಯವರನ್ನು ಕೆಲಸದಿಂದ ತೆಗೆದರು, ಓಡಾಟಕ್ಕೆ ತಡೆ ಹಾಕಿದರು, ಆಯುಧ ಒಪ್ಪಿಸಿ ಅಂತ ರೇಡಿಯೋದಲ್ಲಿ ಕೂಗಿದರು. ಮೇ 24ರಂದು ಪಕ್ಕದ ಕೊಜಾರಾಟ್ಸ್ ಮೇಲೆ ದಾಳಿ, ಅದಕ್ಕೆ ಮೊದಲೇ ಅಲ್ಲಿನ ಫೋನ್ ಲೈನ್ ಕತ್ತರಿಸಿದ್ದರು. ಮೇ 31ರಂದು ಸರ್ಬರಲ್ಲದವರ ಮನೆಗಳ ಮೇಲೆ ಬಿಳಿ ಬಟ್ಟೆ ಕಟ್ಟಬೇಕು, ಹೊರಗೆ ಬಂದರೆ ತೋಳಿಗೆ ಬಿಳಿ ಪಟ್ಟಿ ಕಟ್ಟಬೇಕು ಅಂತ ಆಜ್ಞೆಯಾಯಿತು. ಒಮಾರ್ಸ್ಕಾದ ಕಬ್ಬಿಣದ ಅದಿರಿನ ಗಣಿ ಸೆರೆ ಶಿಬಿರವಾಯಿತು. ಆ ಒಂದು ತಾಲ್ಲೂಕಿನಷ್ಟು ಜಾಗದಲ್ಲಿ ಸತ್ತವರು 3,000ಕ್ಕೂ ಹೆಚ್ಚು.

ಠಾಣೆ, ರೇಡಿಯೋ, ನೌಕರಿ, ಆಯುಧ, ಫೋನು, ಗುರುತು, ಕೊನೆಗೆ ಶಿಬಿರ. ಇದರಲ್ಲಿ ಒಂದಾದರೂ ಪಕ್ಕದ ಮನೆಯವರು ಕೂತು ಮಾಡಿದ ತೀರ್ಮಾನವಲ್ಲ, ಎಲ್ಲವೂ ಸಂಘಟನೆಯ ಕೆಲಸ. ನೆರೆಯವರ ಕೈಯಲ್ಲಿ ಉಳಿದದ್ದು ಆ ಕೆಲಸಕ್ಕೆ ಹೆಗಲು ಕೊಡುವುದಾ, ಸುಮ್ಮನಿರುವುದಾ, ಅಡ್ಡ ನಿಲ್ಲುವುದಾ ಅನ್ನೋದು ಮಾತ್ರ.

ಬಯಲುಸೀಮೆ ನೋಟ, ಕಡೂರು

ಮೇಷ್ಟ್ರೇ, ಒಂದು ತಕರಾರು. ಎಲ್ಲ ‘ಹೊರಗಿನವರು ಮಾಡಿದ್ದು’ ಅಂದುಬಿಟ್ಟರೆ ಒಳಗಿನವರು ಕೈ ತೊಳೆದುಕೊಂಡ ಹಾಗಾಗುತ್ತೆ. ಬೋಸ್ನಿಯಾದಲ್ಲಿ ಖಾಲಿಯಾದ ಮನೆಗಳ ಹಸು, ಟ್ರ್ಯಾಕ್ಟರ್, ಕಿಟಕಿ ಚೌಕಟ್ಟು, ಹೆಂಚು, ಗೋಡೆಯೊಳಗಿನ ವೈರು ಕೂಡ ಬಿಡದೆ ಕಿತ್ತುಕೊಂಡು ಹೋದವರಲ್ಲಿ ಗುರುತಿನವರೇ ಎಷ್ಟೋ ಜನ ಇದ್ದರು. ಸೈನ್ಯ ಬಂದು ಹೋಗುತ್ತೆ. ಹಸು ಯಾವ ಕೊಟ್ಟಿಗೆಯಲ್ಲಿದೆ ಅಂತ ಗೊತ್ತಿರೋದು ಪಕ್ಕದವನಿಗೇ.

ಮಲೆನಾಡು ಮೇಷ್ಟ್ರು, ಚಿಕ್ಕಮಗಳೂರು

ಒಪ್ಪಿದೆ, ಆ ಮಾತು ಬಿಟ್ಟು ಹೋಗಿತ್ತು. ಅಷ್ಟೇ ಅಲ್ಲ, ಒಂದು ಹಸು ತಂದುಕೊಂಡವನಿಗೆ ಆಮೇಲೆ ಹಸುವಿನ ಒಡೆಯ ವಾಪಸ್ ಬರೋದೇ ಬೇಡವಾಗುತ್ತೆ. ದ್ವೇಷ ಮೊದಲಿದ್ದು ಲೂಟಿ ಆಗುವುದಕ್ಕಿಂತ ಲೂಟಿಯಾದ ಮೇಲೆ ದ್ವೇಷ ಬೇಕಾಗುವುದೇ ಹೆಚ್ಚು. ತಾನು ಮಾಡಿದ್ದು ಸರಿ ಅಂತ ಹೇಳಿಕೊಳ್ಳೋಕೆ ‘ಅವರು ಕೆಟ್ಟವರು’ ಅನ್ನುವ ಕಥೆ ಬೇಕಲ್ಲ. ಅದಕ್ಕೇ ಜಗಳದ ಮೊದಲ ದಿನ ಪೊಲೀಸರು ಲೂಟಿ ತಡೆದರೆ ಅದು ಬರೀ ಆಸ್ತಿ ಉಳಿಸಿದ್ದಲ್ಲ, ಮುಂದಿನ ಇಪ್ಪತ್ತು ವರ್ಷದ ಸಂಬಂಧ ಉಳಿಸಿದ್ದು.

ಓದುಗಿ, ಮೂಡಿಗೆರೆ

ಶ್ರೀಲಂಕಾದ್ದೂ ಸೇರಿಸಬೇಕು, ನಮಗೆ ಹತ್ತಿರದ್ದು. ಜಾಫ್ನಾದಲ್ಲಿ ತಮಿಳು ಹಿಂದೂಗಳು, ಕ್ರೈಸ್ತರು, ಮುಸ್ಲಿಮರು ಒಂದೇ ಭಾಷೆ ಆಡುತ್ತಿದ್ದವರು. 1990ರ ಅಕ್ಟೋಬರ್‌ನಲ್ಲಿ ಎಲ್‌ಟಿಟಿಇ ಉತ್ತರ ಪ್ರಾಂತ್ಯದಿಂದ ಮುಸ್ಲಿಮರನ್ನೆಲ್ಲ ಹೊರಹಾಕಿತು, ಸುಮಾರು 75,000 ಜನ. ಜಾಫ್ನಾ ಪಟ್ಟಣದಲ್ಲಿ ಅಕ್ಟೋಬರ್ 30ರಂದು ಧ್ವನಿವರ್ಧಕದಲ್ಲಿ ಕರೆದು ಎರಡು ಗಂಟೆ ಗಡುವು ಕೊಟ್ಟರು. ಹಣ, ಒಡವೆ ಎಲ್ಲ ತಪಾಸಣೆಯಲ್ಲಿ ಕಸಿದುಕೊಂಡರು. ಬಹಳಷ್ಟು ಜನ ಪುತ್ತಳಂ ಕಡೆಯ ಶಿಬಿರಗಳಿಗೆ ಬಂದು ಬಿದ್ದರು.

ನೆರೆಯ ತಮಿಳರು ಕೇಳಿ ಮಾಡಿಸಿದ್ದಲ್ಲ ಅದು. ಆದರೆ ಬಂದೂಕಿನ ಮುಂದೆ ಎದುರು ಮಾತಾಡುವ ಸಂಸ್ಥೆ ಊರಲ್ಲಿ ಒಂದೂ ಉಳಿದಿರಲಿಲ್ಲ. ಯುದ್ಧ 2009ರಲ್ಲಿ ಮುಗಿಯಿತು. ಅಷ್ಟೊತ್ತಿಗೆ 19 ವರ್ಷ ಕಳೆದು ಪುತ್ತಳಂನಲ್ಲೇ ಹುಟ್ಟಿದ ಮಕ್ಕಳು ದೊಡ್ಡವರಾಗಿದ್ದರು. ವಾಪಸ್ ಹೋದವರಿಗೆ ಜಮೀನಿನಲ್ಲಿ ಕಾಡು ಬೆಳೆದಿತ್ತು, ಮನೆಯಲ್ಲಿ ಬೇರೆಯವರಿದ್ದರು, ಹೆಸರು ಎಲ್ಲಿ ನೋಂದಾಯಿಸಬೇಕು ಅನ್ನುವ ಗೊಂದಲ. ಉತ್ತರದಲ್ಲಿ ಉಳಿದಿದ್ದ ತಮಿಳರೂ ಆ ಹೊತ್ತಿಗೆ ಎಲ್ಲ ಕಳೆದುಕೊಂಡವರೇ. ಇಬ್ಬರೂ ನೊಂದವರು, ಇಬ್ಬರಿಗೂ ಒಂದೇ ತುಂಡು ನೆಲ ಬೇಕು. ಇಂಥ ಕಡೆ ‘ಕ್ಷಮಿಸಿ ಒಂದಾಗಿ’ ಅಂದರೆ ಯಾರಿಗೂ ನಾಟಲ್ಲ. ಮೊದಲು ಸರ್ವೆ ಆಗಬೇಕು.

ಹೇಮಾವತಿ ದಂಡೆ, ಹಾಸನ

ಹಾಗಾದರೆ ಕೆಡದೆ ಉಳಿದ ಊರುಗಳು? ಮಲೇರ್‌ಕೋಟ್ಲಾ ಹೆಸರು ಯಾವಾಗಲೂ ಬರುತ್ತೆ.

ಓದುಗಿ, ಮೂಡಿಗೆರೆ

ಪಂಜಾಬಿನ ಮಲೇರ್‌ಕೋಟ್ಲಾ 1947ರಲ್ಲಿ ನವಾಬರ ಸಂಸ್ಥಾನ. ಸುತ್ತಲಿನ ಜಿಲ್ಲೆಗಳು ಹೊತ್ತಿ ಉರಿಯುವಾಗ ಅಲ್ಲಿನ ಮುಸ್ಲಿಮರು ಉಳಿದರು. ಗುರು ಗೋಬಿಂದ್ ಸಿಂಗರ ಇಬ್ಬರು ಎಳೆಯ ಮಕ್ಕಳನ್ನು ಸರ್‌ಹಿಂದ್‌ನಲ್ಲಿ ಕೊಲ್ಲಿಸುವಾಗ ಮಲೇರ್‌ಕೋಟ್ಲಾದ ಶೇರ್ ಮೊಹಮ್ಮದ್ ಖಾನ್ ‘ಇದು ಅನ್ಯಾಯ’ ಅಂತ ವಿರೋಧಿಸಿದರು, ಸಿಖ್ಖರು ಆ ಋಣ ಮರೆಯಲಿಲ್ಲ ಅನ್ನೋದು ಎಲ್ಲರಿಗೂ ಗೊತ್ತಿರುವ ಕಾರಣ. ಆ ನೆನಪು ನಿಜ, ಇವತ್ತಿಗೂ ಅಲ್ಲಿ ಜೀವಂತವಾಗಿದೆ. ಜೊತೆಗೆ ಅದು ತನ್ನದೇ ಪಡೆ ಇದ್ದ ಸಂಸ್ಥಾನ, ಗಡಿಯೊಳಗೆ ಆಡಳಿತ ಕುಸಿದಿರಲಿಲ್ಲ ಅನ್ನೋದನ್ನೂ ಮರೆಯಬಾರದು. ಬರೀ ನೆನಪಿಗೆ ಕೋಟೆ ಬಾಗಿಲು ಕಾಯುವ ಶಕ್ತಿ ಇರಲ್ಲ.

ಬಯಲುಸೀಮೆ ನೋಟ, ಕಡೂರು

ನಮ್ಮ ಊರುಗಳಿಗೆ ಮಲೇರ್‌ಕೋಟ್ಲಾಕ್ಕಿಂತ ಭಿವಂಡಿ ಹತ್ತಿರದ ಪಾಠ. ಮುಂಬೈ ಪಕ್ಕದ ಪವರ್‌ಲೂಮ್ ಪಟ್ಟಣ. 1970ರಲ್ಲಿ, 1984ರಲ್ಲಿ ದೊಡ್ಡ ಗಲಭೆಯಾಗಿ ಹೆಸರು ಕೆಟ್ಟಿದ್ದ ಊರು. 1988ರಲ್ಲಿ ಪೊಲೀಸ್ ಅಧಿಕಾರಿ ಸುರೇಶ್ ಖೋಪ್ಡೆ ಅಲ್ಲಿ ಬೀದಿ ಬೀದಿಗೆ ಮೊಹಲ್ಲಾ ಸಮಿತಿ ಕಟ್ಟಿದರು, ಹಿಂದೂ ಮುಸ್ಲಿಮರು ಸಮಸಂಖ್ಯೆಯಲ್ಲಿ. ಅವರು ಗಣ್ಯರ ಹಿಂದೆ ಹೋಗಲಿಲ್ಲ, ಮಗ್ಗದವರು, ಅಂಗಡಿಯವರನ್ನು ಸೇರಿಸಿದರು. ನೀರಿನ ಜಗಳ, ಕಸದ ಜಗಳ ಕೂಡ ಆ ಸಭೆಗೇ ಬರುತ್ತಿತ್ತು. 1992ರ ಡಿಸೆಂಬರ್ ಮತ್ತು 1993ರ ಜನವರಿಯಲ್ಲಿ ಮುಂಬೈಯಲ್ಲಿ ಸುಮಾರು 900 ಜನ ಸತ್ತಾಗ ಭಿವಂಡಿ ಹೊತ್ತಿಕೊಳ್ಳಲಿಲ್ಲ.

ರಾಜ್ಯಶಾಸ್ತ್ರಜ್ಞ ಆಶುತೋಷ್ ವಾರ್ಷ್ಣೇಯ ಅಲಿಗಢ–ಕಲ್ಲಿಕೋಟೆ, ಹೈದರಾಬಾದ್–ಲಖನೌ, ಅಹಮದಾಬಾದ್–ಸೂರತ್ ಹೀಗೆ ಜೋಡಿ ಜೋಡಿ ನಗರಗಳನ್ನು ಹೋಲಿಸಿ ಹೇಳಿದ್ದೂ ಇದನ್ನೇ. ಹಬ್ಬಕ್ಕೆ ಸಿಹಿ ಹಂಚೋದು, ಮಕ್ಕಳು ಒಟ್ಟಿಗೆ ಆಡೋದು ಹಳ್ಳಿಯಲ್ಲಿ ಸಾಕಾಗಬಹುದು, ಪಟ್ಟಣದಲ್ಲಿ ಸಾಲದು. ಪಟ್ಟಣಕ್ಕೆ ವರ್ತಕರ ಸಂಘ, ಕಾರ್ಮಿಕ ಸಂಘ, ವೃತ್ತಿಯವರ ಕೂಟ ಇಂಥ ಸಂಸ್ಥೆಗಳಲ್ಲಿ ಎರಡೂ ಕಡೆಯವರು ಒಟ್ಟಿಗೆ ಕೂತಿರಬೇಕು. ಜಾವಗಲ್‌ನಂಥ ಊರಿಗೆ ಒಂದು ಲೆಕ್ಕ, ಹಾಸನ ನಗರಕ್ಕೆ ಇನ್ನೊಂದು ಲೆಕ್ಕ.

ತೋಟದ ಲೆಕ್ಕ, ಸಕಲೇಶಪುರ

ಈ ಮಾತಿಗೆ ಮಲೆನಾಡಿನ ಉದಾಹರಣೆ ಕಾಫಿ ವ್ಯಾಪಾರ. ತೋಟ ಒಬ್ಬರದು, ಕೊಳ್ಳುವ ಸಾಹುಕಾರ ಇನ್ನೊಬ್ಬ, ಎಷ್ಟೋ ಕಡೆ ಬ್ಯಾರಿ ಅಥವಾ ಮಾಪಿಳ್ಳೆ ಮುಸ್ಲಿಂ. ಲಾರಿ ಮತ್ತೊಬ್ಬರದು, ಕೊಯ್ಲಿಗೆ ಬರುವವರು ಬೇರೆ ಬೇರೆ ಜಾತಿ ಧರ್ಮದವರು. ಚೆರ್ರಿ, ಅಂದರೆ ಹಣ್ಣನ್ನೇ ಒಣಗಿಸಿದ ಕಾಫಿ, 50 ಕೆಜಿ ಮೂಟೆ ಲೆಕ್ಕದಲ್ಲಿ ಹೋಗುತ್ತೆ. ತೇವ ಶೇ 11ರ ಆಸುಪಾಸು ಇರಬೇಕು, ಔಟ್‌ಟರ್ನ್, ಅಂದರೆ ಅದರಲ್ಲಿ ಎಷ್ಟು ಬೀಜ ಸಿಗುತ್ತೆ ಅನ್ನೋದು, ನೋಡಿ ದರ ಕಟ್ಟುತ್ತಾರೆ. ಇದರಲ್ಲಿ ಅರ್ಧ ಕಾಗದದ ಮೇಲೆ ಇರುತ್ತೆ, ಇನ್ನರ್ಧ ಬಾಯಿಮಾತು. ಮಳೆಗಾಲದಲ್ಲಿ ಗೊಬ್ಬರಕ್ಕೆ ಮುಂಗಡ ಕೊಟ್ಟು, ಅರೇಬಿಕಾ ಕೊಯ್ಲಾದ ಮೇಲೆ ಹೊಂದಿಸಿಕೊಳ್ಳುವ ಲೆಕ್ಕ ಅದು.

ಯುದ್ಧದ ಬಿಸಿಯಲ್ಲಿ ‘ಅವರ ಹತ್ತಿರ ವ್ಯಾಪಾರ ಬೇಡ’ ಅನ್ನುವ ಕರೆ ಬಂದರೆ ಮೊದಲು ಸಿಕ್ಕಿ ಬೀಳುವುದು ಆ ಬಾಯಿಮಾತಿನ ಅರ್ಧ. ಮುಂಗಡ ಕೊಟ್ಟವನ ದುಡ್ಡು ತೋಟದಲ್ಲಿ, ಮಾಲು ಕೊಟ್ಟವನ ದುಡ್ಡು ಅಂಗಡಿಯಲ್ಲಿ. ಕರೆ ಕೊಟ್ಟವರು ಈ ಬಾಕಿಗೆ ಜಾಮೀನು ನಿಲ್ಲಲ್ಲ. ಸಣ್ಣ ಬೆಳೆಗಾರನ ಹತ್ತಿರ ಮಾಲು ಹಿಡಿದಿಡುವ ಗೋಡೌನ್ ಇರಲ್ಲ, ಕೊಳ್ಳುವವರು ಒಬ್ಬರು ಕಮ್ಮಿಯಾದರೆ ದರ ಬೀಳೋದು ಅವನಿಗೇ. ಅರಸೀಕೆರೆ ಕಡೆ ಉಂಡೆ ಕೊಬ್ಬರಿಯೂ ಹಾಗೇ. ಅಟ್ಟದ ಮೇಲೆ ಹತ್ತಿರತ್ತಿರ ವರ್ಷ ಒಣಗಿಸಿದ ಮಾಲನ್ನು ನಂಬಿಕಸ್ತ ಖರೀದಿದಾರ ಇಲ್ಲದೆ ಹೋದರೆ ಸಿಕ್ಕಿದ ದರಕ್ಕೆ ಬಿಡಬೇಕು.

ಯುದ್ಧ ಒಡೆದದ್ದೇ ಹೆಚ್ಚು, ಆದರೆ ಒಂದು ಸಲ ಕೂಡಿಸಿದ್ದೂ ಇದೆ. ಎರಡನೇ ಮಹಾಯುದ್ಧದಲ್ಲಿ ಯುರೋಪಿನ ಮಾರುಕಟ್ಟೆ ಮುಚ್ಚಿ ಕಾಫಿ ಕೇಳುವವರಿಲ್ಲದಾಗ 1942ರ ಕಾಯ್ದೆಯಿಂದ ಕಾಫಿ ಬೋರ್ಡಿನ ಪೂಲ್ ಪದ್ಧತಿ ಬಂತು. ಯಾರ ತೋಟದ್ದೇ ಆಗಲಿ ಒಂದೇ ರಾಶಿಗೆ ಬಿದ್ದು, ಒಂದೇ ಲೆಕ್ಕದಲ್ಲಿ ಹಣ ಬರುತ್ತಿತ್ತು. 1990ರ ದಶಕದ ತನಕ ಅದೇ ನಡೆಯಿತು.

ಕಾನೂನು ಕೋಣೆ, ಹಾಸನ

ಕೆಟ್ಟಮೇಲೆ ಕೂಡಿಸಿದ್ದು ಹೇಗೆ ಅನ್ನುವ ಪ್ರಶ್ನೆಗೆ ಕಾನೂನಿನ ಕಡೆಯಿಂದ.

ಬೋಸ್ನಿಯಾದಲ್ಲಿ ಯುದ್ಧ ಮುಗಿದಾಗ ಮನೆ ಬಿಟ್ಟವರು 20 ಲಕ್ಷಕ್ಕೂ ಹೆಚ್ಚು, ಅಂದರೆ ದೇಶದ ಸುಮಾರು ಅರ್ಧ ಜನ. 1995ರ ಡೇಟನ್ ಒಪ್ಪಂದದ 7ನೇ ಅನುಬಂಧದಲ್ಲಿ ಒಂದು ಮಾತು ಸ್ಪಷ್ಟವಾಗಿ ಬರೆದರು: ಪ್ರತಿಯೊಬ್ಬರಿಗೂ ತನ್ನ ಸ್ವಂತ ಮನೆಗೆ ವಾಪಸ್ ಹೋಗುವ ಹಕ್ಕು. ಬೇರೆ ಕಡೆ ಒಂದು ಸೈಟು ಕೊಟ್ಟು ಸುಮ್ಮನಾಗಿಸುವ ಹಾಗಿರಲಿಲ್ಲ. ಮೊದಲ ಮೂರು ನಾಲ್ಕು ವರ್ಷ ಏನೂ ನಡೆಯಲಿಲ್ಲ, ಯಾಕಂದರೆ ಮನೆ ಬಿಡಿಸಿಕೊಡಬೇಕಾದ ಕಚೇರಿಯವರೇ ಎಷ್ಟೋ ಕಡೆ ಬೇರೆಯವರ ಮನೆಯಲ್ಲಿ ಕೂತಿದ್ದರು.

1999ರಿಂದ ಪದ್ಧತಿ ಬಿಗಿ ಮಾಡಿದರು. ಅರ್ಜಿಗಳನ್ನು ಬಂದ ದಿನಾಂಕದ ಕ್ರಮದಲ್ಲೇ ತೀರ್ಮಾನಿಸಬೇಕು, ಯಾವ ಧರ್ಮದವರದು ಅಂತ ನೋಡಿ ಹಿಂದೆ ಮುಂದೆ ಮಾಡುವಂತಿಲ್ಲ. ಒಬ್ಬನೇ ಎರಡು ಮನೆ ಹಿಡಿದಿದ್ದರೆ ಅವನನ್ನು ಮೊದಲು ಎಬ್ಬಿಸಬೇಕು. ನಿಜವಾಗಿ ಗತಿಯಿಲ್ಲದೆ ಕೂತವರಿಗೆ ಗಡುವು ಕೊಟ್ಟು, ಬೇರೆ ವಸತಿ ತೋರಿಸಿ ಬಿಡಿಸಬೇಕು. ಅಡ್ಡಗಾಲು ಹಾಕಿದ ಅಧಿಕಾರಿಗಳನ್ನು ಹುದ್ದೆಯಿಂದಲೇ ತೆಗೆದರು. ಇಷ್ಟಾದಮೇಲೆ 2 ಲಕ್ಷದಷ್ಟು ಅರ್ಜಿಗಳಲ್ಲಿ ಶೇ 90ಕ್ಕೂ ಹೆಚ್ಚು ಇತ್ಯರ್ಥವಾದವು. 2004ರ ಹೊತ್ತಿಗೆ ವಾಪಸ್ ಬಂದವರ ಲೆಕ್ಕ 10 ಲಕ್ಷ ಮುಟ್ಟಿತು.

ಆದರೆ ಕೀಲಿ ಕೈಗೆ ಬಂದ ಕೂಡಲೇ ಮಾರಿ ಹೋದವರೂ ತುಂಬ. ಮನೆ ಸಿಕ್ಕಿತು, ಕೆಲಸ ಸಿಗಲಿಲ್ಲ, ಮಕ್ಕಳಿಗೆ ಶಾಲೆ ಇಲ್ಲ. ಕೆಲವು ಪಟ್ಟಣಗಳಲ್ಲಿ ‘ಒಂದೇ ಸೂರಿನಡಿ ಎರಡು ಶಾಲೆ’ ಅನ್ನುವ ವ್ಯವಸ್ಥೆ ಬಂತು. ಒಂದೇ ಕಟ್ಟಡ, ಬೊಸ್ನಿಯಾಕ್, ಅಂದರೆ ಅಲ್ಲಿನ ಮುಸ್ಲಿಂ, ಮಕ್ಕಳಿಗೆ ಒಂದು ಪಾಠಪಟ್ಟಿ, ಕ್ರೊವಾಟ್ ಮಕ್ಕಳಿಗೆ ಇನ್ನೊಂದು. ಎಷ್ಟೋ ಕಡೆ ಬಾಗಿಲೂ ಬೇರೆ. ತಾತ್ಕಾಲಿಕ ಅಂತ ಮಾಡಿದ್ದು ಅಲ್ಲೇ ಬೇರು ಬಿಟ್ಟಿತು. ಕಾನೂನಿನಿಂದ ಗೋಡೆ ವಾಪಸ್ ತರಿಸಬಹುದು, ಗೋಡೆಯ ಆಚೆ ಈಚೆ ಮಾತಾಡಿಸೋಕೆ ಬೇರೆ ಕೆಲಸ ಬೇಕು. ಹಾಗಂತ ಗೋಡೆ ಬಿಟ್ಟು ಮಾತಿನಿಂದ ಶುರು ಮಾಡೋಕೂ ಆಗಲ್ಲ.

ಲೆಬನಾನಿನಲ್ಲಿ ಇದಕ್ಕಿಂತ ನಿಧಾನ. 1975ರಿಂದ 1990ರ ಅಂತರ್ಯುದ್ಧದಲ್ಲಿ ಗುರುತಿನ ಚೀಟಿಯಲ್ಲಿ ಪಂಥ ನೋಡಿ ಚೆಕ್‌ಪೋಸ್ಟಿನಲ್ಲೇ ಕೊಲ್ಲುತ್ತಿದ್ದರು. 1983ರಲ್ಲಿ ಶೂಫ್ ಬೆಟ್ಟದ ದ್ರೂಜ್ ಅನ್ನುವ ಪಂಥದವರು ಮತ್ತು ಕ್ರೈಸ್ತರ ನಡುವೆ ಕಾದಾಟವಾಗಿ ಕ್ರೈಸ್ತ ಊರುಗಳು ಖಾಲಿಯಾದವು. ಅಲ್ಲಿ ಊರೂರಿಗೆ ಬೇರೆ ಬೇರೆ ರಾಜಿ ಮಾಡಿಸಬೇಕಾಯಿತು, ಎಲ್ಲ ಸೇರಿ ಒಂದು ಕಾಗದಕ್ಕೆ ಸಹಿ ಹಾಕಿದರೆ ಸಾಲಲಿಲ್ಲ. ಬ್ರೀಹ್ ಅನ್ನುವ ಊರಿನ ರಾಜಿ ಆಗಿದ್ದು 2014ರಲ್ಲಿ, ಯುದ್ಧ ಮುಗಿದು 24 ವರ್ಷಕ್ಕೆ.

ಮಲೆನಾಡು ಮೇಷ್ಟ್ರು, ಚಿಕ್ಕಮಗಳೂರು

ಕಾನೂನು ಕೋಣೆಯವರ ಮಾತಿಗೆ ಒಂದು ಸಣ್ಣ ಸೇರ್ಪಡೆ. ಯುದ್ಧದ ಮೇಲೆ ಬೋಸ್ನಿಯಾದಲ್ಲಿ ಕಾಫಿಯನ್ನು ಏನಂತ ಕರೀತೀರಿ ಅನ್ನೋದೇ ಗುರುತಾಯಿತು. ಬೊಸ್ನಿಯಾಕರು ‘ಕಹ್ವಾ’, ಸರ್ಬರು ‘ಕಾಫಾ’, ಕ್ರೊವಾಟರು ‘ಕಾವಾ’. ಮೊದಲೂ ಈ ಮಾತುಗಳಿದ್ದವು, ಬಾಯಿಗೆ ಬಂದದ್ದು ಹೇಳುತ್ತಿದ್ದರು. ಈಗ ಹೋಟೆಲಿನಲ್ಲಿ ಬಾಯಿ ಬಿಡುವ ಮೊದಲು ಯೋಚಿಸಬೇಕು. ಯುದ್ಧ ನಿಂತರೂ ಮಾತಿನೊಳಗೆ ಎಷ್ಟು ಉಳಿದಿರುತ್ತೆ ಅನ್ನೋದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕಿಲ್ಲ. ನಮ್ಮಲ್ಲೂ ಒಂದು ನಮಸ್ಕಾರ, ಒಂದು ಸಲಾಂ, ಒಂದು ಅಂಗಡಿ ಬೋರ್ಡಿನ ಬಣ್ಣ ಯಾವಾಗಿಂದ ಗುರುತಿನ ಚೀಟಿ ಆಗುತ್ತೆ ಅಂತ ಕಣ್ಣಿಟ್ಟಿರಬೇಕು.

ಹೇಮಾವತಿ ದಂಡೆ, ಹಾಸನ

ಬಹಳ ಉಪಕಾರ. ಈಗ ನಮ್ಮ ಬೀದಿಗೆ ಬರೋಣ. ಸಮಿತಿ ಕಟ್ಟೋದಾದರೆ ಹೇಗೆ? ಹಬ್ಬದ ಮುಂಚೆ ಠಾಣೆಯಲ್ಲಿ ನಡೆಯುವ ಶಾಂತಿ ಸಭೆ ಇದ್ದೇ ಇದೆಯಲ್ಲ?

ಬಯಲುಸೀಮೆ ನೋಟ, ಕಡೂರು

ಆ ಶಾಂತಿ ಸಭೆಯೇ ಎಲ್ಲಿ ಸೋಲುತ್ತೆ ಅಂತ ಮೊದಲು ಹೇಳ್ತೀನಿ. ಪ್ರತಿ ವರ್ಷ ಅದೇ ಮುಖಗಳು, ಹೆಚ್ಚಿನವರು ಪಕ್ಷದವರು. ಹೆಂಗಸರು ಇಲ್ಲ. ಆಟೋ ಸ್ಟ್ಯಾಂಡಿನವರು, ಹಾಲಿನ ಡೈರಿಯವರು, ಹಾಸ್ಟೆಲ್ ಹುಡುಗರು ಇಲ್ಲ. ಟೀ ಕುಡಿದು, ಫೋಟೋ ತೆಗೆಸಿಕೊಂಡು ಹೋದರೆ ಮತ್ತೆ ಸೇರೋದು ಮುಂದಿನ ಹಬ್ಬಕ್ಕೆ. ಗಲಾಟೆಯಾದ ರಾತ್ರಿ ಇವರಿಗೆ ಆ ಬೀದಿಯ ಹುಡುಗರ ಹೆಸರೂ ಗೊತ್ತಿರಲ್ಲ.

ಬೀದಿ ಸಮಿತಿ ಚಿಕ್ಕದಿರಬೇಕು. 150–200 ಮನೆಗೆ 16 ಜನ ಸಾಕು, ಅದರಲ್ಲಿ ಕನಿಷ್ಠ 6 ಹೆಂಗಸರು. ಅವರನ್ನು ಜೋಡಿ ಮಾಡಿ, ಪ್ರತಿ ಜೋಡಿಯಲ್ಲಿ ಎರಡು ಬೇರೆ ಧರ್ಮದವರು. ಸುದ್ದಿ ಬಂದಾಗ ಜೋಡಿಯಾಗಿಯೇ ಹೋಗಬೇಕು, ಒಬ್ಬೊಬ್ಬರೇ ಹೋಗಬಾರದು. ಒಬ್ಬನೇ ಹೋಗಿ ‘ಏನೂ ಆಗಿಲ್ಲ’ ಅಂದರೆ ಇನ್ನೊಂದು ಕಡೆಯವರು ನಂಬಲ್ಲ. ಇಬ್ಬರೂ ಒಂದೇ ಮಾತು ಹೇಳಿದರೆ ಅರ್ಧ ಬೆಂಕಿ ಅಲ್ಲೇ ಆರುತ್ತೆ. ಸುದ್ದಿ ಬಂದ ಅರ್ಧ ಗಂಟೆಯೊಳಗೆ ಆ ಜಾಗಕ್ಕೆ ಹೋಗಿ ಕಣ್ಣಾರೆ ನೋಡಬೇಕು, ಎಷ್ಟು ಗಂಟೆಗೆ ನೋಡಿದ್ದು ಅಂತ ಬರೆದುಕೊಳ್ಳಬೇಕು, ಬೀಟ್ ಪೊಲೀಸರಿಗೆ ತಿಳಿಸಬೇಕು. ಆಮೇಲೆ ಇಬ್ಬರ ಧ್ವನಿಯಲ್ಲೂ ಒಂದು ಚಿಕ್ಕ ಆಡಿಯೋ, 20 ಸೆಕೆಂಡಿನದು, ಎಲ್ಲ ಗುಂಪಿಗೂ. ಬರಹಕ್ಕಿಂತ ಧ್ವನಿ ಮೇಲು. ಗುರುತಿನವರ ಧ್ವನಿ ಅಂತ ಗೊತ್ತಾಗುತ್ತೆ.

ಸುಳ್ಳು ವಿಡಿಯೋವನ್ನು ‘ಇದು ಸುಳ್ಳು’ ಅಂತ ಬರೆದು ಕೂಡ ಮುಂದೆ ಕಳಿಸಬೇಡಿ. ಮುಂದಿನವರು ನಿಮ್ಮ ಬರಹ ತೆಗೆದು ವಿಡಿಯೋ ಮಾತ್ರ ಕಳಿಸುತ್ತಾರೆ. ಒಂದು ಸಂದೇಶದ ಮೇಲೆ ಎರಡು ಬಾಣದ ಗುರುತಿದ್ದರೆ ಅದು ತುಂಬ ಕೈ ದಾಟಿ ಬಂದದ್ದು. 2020ರ ಏಪ್ರಿಲ್‌ನಿಂದ ಅಂಥದ್ದನ್ನು ವಾಟ್ಸಾಪ್ ಒಂದು ಸಲಕ್ಕೆ ಒಂದೇ ಕಡೆಗೆ ಕಳಿಸಲು ಬಿಡುತ್ತೆ. ಯುದ್ಧದ ದಿನಗಳಲ್ಲಿ ಆ ಎರಡು ಬಾಣ ಕಂಡರೆ ಅಲ್ಲೇ ನಿಲ್ಲಿಸಿ.

ಸಮಿತಿ ಸೇರೋದು ತಿಂಗಳಿಗೊಮ್ಮೆ, ಜಗಳ ಇಲ್ಲದಿದ್ದರೂ. ಚರಂಡಿ, ಬೀದಿದೀಪ, ನೀರು ಬಿಡುವ ಹೊತ್ತು ಇವೇ ವಿಷಯ ಆಗಲಿ. ಒಟ್ಟಿಗೆ ಚರಂಡಿ ಸರಿ ಮಾಡಿಸಿದವರಿಗೆ ಒಟ್ಟಿಗೆ ರಾತ್ರಿ ಕಾಯೋದು ಹೊಸದಾಗಿರಲ್ಲ.

ಓದುಗಿ, ಮೂಡಿಗೆರೆ

ಇನ್ನೊಂದು ಬಹಳ ಮುಖ್ಯ. ಗಡಿಯಲ್ಲಿ ಏನಾದರೂ ಆದ ದಿನ ಪಕ್ಕದ ಮನೆಯ ಮುಸ್ಲಿಮರ ಹತ್ತಿರ ‘ನಿಮ್ಮ ಅಭಿಪ್ರಾಯ ಏನು’ ಅಂತ ಕೇಳಬಾರದು, ಮಸೀದಿ ಕಮಿಟಿಯಿಂದ ಖಂಡನೆಯ ಹೇಳಿಕೆ ಕೇಳಬಾರದು. ಕೇಳಿದವರಿಗೆ ಅದು ಒಂದು ಮಾತು, ಕೇಳಿಸಿಕೊಂಡವರಿಗೆ ‘ನೀನು ಇಲ್ಲಿಯವನಾ’ ಅನ್ನುವ ಪ್ರಶ್ನೆ. ಅವರಾಗಿ ಹೇಳಿದರೆ ಹೇಳಲಿ. 1965ರಲ್ಲಿ ಅಸಲ್ ಉತ್ತರ್‌ನಲ್ಲಿ ಟ್ಯಾಂಕುಗಳ ಎದುರು ನಿಂತು ಪ್ರಾಣ ಕೊಟ್ಟು ಪರಮವೀರ ಚಕ್ರ ಪಡೆದ ಅಬ್ದುಲ್ ಹಮೀದ್‌ರ ಕಥೆಯನ್ನು ಆವತ್ತು ತೆಗೆಯುವುದೂ ಬೇಡ, ಪ್ರೀತಿಯಿಂದಲೇ ಆದರೂ. ಅದನ್ನು ಶಾಲೆಯಲ್ಲಿ, ಮಾಮೂಲಿ ದಿನದಲ್ಲಿ ಹೇಳಿ. ಬಿಸಿಯ ದಿನ ಹೇಳಿದರೆ ಪ್ರಾಣ ಕೊಟ್ಟರೆ ಮಾತ್ರ ಇಲ್ಲಿಯವರು ಅನ್ನುವ ಅರ್ಥ ಬರುತ್ತೆ.

ಆ ದಿನ ಮಾಡಬೇಕಾದದ್ದು ಮಾಮೂಲಿನಂತೆ ಇರೋದು. ಅದೇ ಅಂಗಡಿಯಲ್ಲಿ ಮೊಟ್ಟೆ ತನ್ನಿ, ಅದೇ ಆಟೋ ಹತ್ತಿ, ಪಾತ್ರೆ ವಾಪಸ್ ಕೊಡುವಾಗ ಖಾಲಿ ಕೊಡಬೇಡಿ. ಮೇಷ್ಟ್ರು ಹೇಳಿದ ಕಾಫಿ ಬಾಕಿ ನಿಲ್ಲಬಾರದು.

ಕಾನೂನು ಕೋಣೆ, ಹಾಸನ

ಸಮಿತಿಯವರಿಗೆ ತಿಳಿದಿರಬೇಕಾದ ಕಲಂಗಳು. 2024ರ ಜುಲೈ 1ರಿಂದ ಹಳೆಯ ಐಪಿಸಿ 153ಎ ಈಗ ಭಾರತೀಯ ನ್ಯಾಯ ಸಂಹಿತೆಯ 196, ಗುಂಪುಗಳ ನಡುವೆ ವೈರ ಹಚ್ಚುವುದು. ಹಳೆಯ 505 ಈಗ 353, ಸುಳ್ಳು ಸುದ್ದಿಯಿಂದ ಗೊಂದಲ ಎಬ್ಬಿಸುವುದು. ಹಳೆಯ 295ಎ ಈಗ 299, ಬೇಕೆಂದೇ ಧಾರ್ಮಿಕ ಭಾವನೆ ಕೆರಳಿಸುವುದು. ಜನ ಇನ್ನೂ 144 ಅನ್ನುವ ನಿಷೇಧಾಜ್ಞೆ ಈಗ ನಾಗರಿಕ ಸುರಕ್ಷಾ ಸಂಹಿತೆಯ 163. ತುರ್ತಿಗೆ 112.

ಬೆದರಿಕೆ ಸಂದೇಶ ಬಂದರೆ ಸಿಟ್ಟಿನಲ್ಲಿ ಅಳಿಸಬೇಡಿ. ಸ್ಕ್ರೀನ್‌ಶಾಟ್ ಒಂದೇ ಸಾಲಲ್ಲ, ಮೂಲ ಸಂದೇಶ ಇರುವ ಫೋನು ಉಳಿಸಿ. ನ್ಯಾಯಾಲಯಕ್ಕೆ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರ ಬೇಕಾಗುತ್ತೆ. ದೂರು ಕೊಡುವಾಗಲೂ ಜೋಡಿ ಹೋಗಿ.

ತೋಟದ ಲೆಕ್ಕ, ಸಕಲೇಶಪುರ

ಕ್ಯಾಲೆಂಡರ್ ಮರೆಯಬೇಡಿ. ಹಿಜ್ರಿ ವರ್ಷ ನಮ್ಮ ಇಂಗ್ಲಿಷ್ ಕ್ಯಾಲೆಂಡರಿಗಿಂತ ಸುಮಾರು 11 ದಿನ ಚಿಕ್ಕದು, ಹಾಗಾಗಿ ಹಬ್ಬಗಳು ಹಿಂದಕ್ಕೆ ಜರುಗುತ್ತಾ ಒಂದರ ಮೇಲೊಂದು ಬರುತ್ತವೆ. 2025ರಲ್ಲಿ ಯುಗಾದಿ ಮಾರ್ಚ್ 30, ರಂಜಾನ್ ಮಾರ್ಚ್ 31. 2023ರ ಸೆಪ್ಟೆಂಬರ್ 28ರಂದು ಅನಂತ ಚತುರ್ದಶಿ, ಈದ್ ಮಿಲಾದ್ ಒಂದೇ ದಿನ ಬಂದಾಗ ಮುಂಬೈಯಲ್ಲಿ ಮುಸ್ಲಿಂ ಮುಖಂಡರು ತಮ್ಮ ಮೆರವಣಿಗೆಯನ್ನು ಮರುದಿನಕ್ಕೆ ಹಾಕಿಕೊಂಡರು. ವರ್ಷದ ಮೊದಲೇ ಎರಡು ಪಂಚಾಂಗ ಪಕ್ಕಪಕ್ಕ ಇಟ್ಟು ಇಂಥ ದಿನಗಳಿಗೆ ಗುರುತು ಹಾಕಿ, ಮೆರವಣಿಗೆಯ ದಾರಿ, ನಿಲ್ಲುವ ಜಾಗ, ಆಜಾನ್ ಹೊತ್ತಿನಲ್ಲಿ ಧ್ವನಿ ಇಳಿಸುವ ಕಡೆ ಎಲ್ಲ ಬರೆದು ಎರಡೂ ಕಡೆಯವರ ಸಹಿ ಹಾಕಿಸಿ.

ಬೇಲೂರಿನ ಚೆನ್ನಕೇಶವ ರಥೋತ್ಸವದಲ್ಲಿ ಖಾಜಿಯವರು ಕುರಾನ್ ಪಠಿಸುವ ಸಂಪ್ರದಾಯಕ್ಕೆ 2022ರಲ್ಲಿ ವಿರೋಧ ಎದ್ದಾಗ ಮುಜರಾಯಿ ಇಲಾಖೆ ಅವಕಾಶ ಕೊಟ್ಟಿತು, ಪಠಣ ನಡೆಯಿತು. ನಿಮ್ಮೂರಿನ ಬಾಬಯ್ಯನ ಹಬ್ಬದಲ್ಲಿ (ಮೊಹರಂ) ಯಾವ ಮನೆಯವರು ಏನು ಮಾಡುತ್ತಿದ್ದರು ಅಂತ ಹಿರಿಯರಿರುವಾಗಲೇ ಬರೆದಿಡಿ.

ಹೇಮಾವತಿ ದಂಡೆ, ಹಾಸನ

ಕೊನೆಯ ಪ್ರಶ್ನೆ. ಸಮಿತಿಯವರ ಫೋನ್ ನಂಬರ್ ಎಲ್ಲ ವಾಟ್ಸಾಪ್ ಗುಂಪಿನಲ್ಲೇ ಇದ್ದರೆ ಸಾಕಾ?

ಮಲೆನಾಡು ಮೇಷ್ಟ್ರು, ಚಿಕ್ಕಮಗಳೂರು

ಸಾಲದು. ಗಲಾಟೆ ಶುರುವಾದರೆ ಮೊಬೈಲ್ ಇಂಟರ್ನೆಟ್ ಬಂದ್ ಮಾಡಬಹುದು. ಕೊಜಾರಾಟ್ಸ್‌ನಲ್ಲಿ ಮೊದಲು ಹೋದದ್ದು ಫೋನ್ ಲೈನು. ಹೆಸರು, ನಂಬರ್, ಮನೆ ಗುರುತು ಒಂದು ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಹಾಲಿನ ಡೈರಿಯ ಡ್ರಾಯರಿನಲ್ಲಿ, ನ್ಯಾಯಬೆಲೆ ಅಂಗಡಿಯಲ್ಲಿ, ಮಸೀದಿ, ದೇವಸ್ಥಾನ, ಚರ್ಚಿನ ಕಚೇರಿಯಲ್ಲಿ ಒಂದೊಂದು ಪ್ರತಿ ಇಡಿಸಿ. ಹೊರಗೆ ಅಂಟಿಸಬೇಡಿ, ಕೆಟ್ಟ ದಿನದಲ್ಲಿ ಅದೇ ಬೇರೆಯವರ ಕೈಯಲ್ಲಿ ಪಟ್ಟಿಯಾಗುತ್ತೆ. ಆರು ತಿಂಗಳಿಗೊಮ್ಮೆ ತಿದ್ದಿ, ಹಳೆಯ ಪ್ರತಿ ಹರಿದು ಹಾಕಿ. ಪ್ರತಿ ಜೋಡಿಯ ಮುಂದೆ, ಲೈನ್ ಹೋದರೆ ರಾತ್ರಿ ಹೊತ್ತು ನಡೆದು ಹೋಗಿ ಬಾಗಿಲು ತಟ್ಟುವವರು ಯಾರು ಅಂತ ಇನ್ನೊಂದು ಹೆಸರು ಬರೆದಿರಲಿ. ಆ ದಾರಿಯನ್ನು ಅವರು ಒಮ್ಮೆ ಹಗಲಲ್ಲಿ, ಒಮ್ಮೆ ಕತ್ತಲಲ್ಲಿ ನಡೆದು ನೋಡಿರಬೇಕು.